ಸರಾಸರಿ, ಮಧ್ಯಾಂಕ ಮತ್ತು ಹಿಂದುಳಿದ ತಾಲ್ಲೂಕು: ನಂಜುಂಡಪ್ಪ ಸಮಿತಿಯ ಅಳತೆಗೋಲನ್ನು ಕುರಿತ ಒಂದು ವಿಮರ್ಶೆ

1

ತುಂಗಭದ್ರೆಯ ದಂಡೆಯ ಮೇಲಿರುವ ಕೆಂಚನಗುಡ್ಡವು ಸಿರುಗುಪ್ಪ ತಾಲ್ಲೂಕಿಗೆ ಸೇರಿದ ಒಂದು ಗ್ರಾಮ. ಇಂತಹ ಗ್ರಾಮವೊಂದು ರಾಜ್ಯದ ಅಭಿವೃದ್ಧಿಯ ಲೆಕ್ಕದಲ್ಲಿ ತನ್ನ ಹೆಸರಿನಿಂದ ಕಾಣಿಸಿಕೊಳ್ಳುವುದು ವಿರಳ. ಅದರ ಶಾಲೆ, ಅದರ ಹೊಲ, ಅದರ ಕೂಲಿ ಇವೆಲ್ಲವೂ ಮೊದಲು ತಾಲ್ಲೂಕಿನ ಸರಾಸರಿಯಲ್ಲಿ ಕರಗುತ್ತವೆ. ತಾಲ್ಲೂಕು ಜಿಲ್ಲೆಯ ಸರಾಸರಿಯಲ್ಲಿಯೂ ಜಿಲ್ಲೆ ರಾಜ್ಯದ ಸರಾಸರಿಯಲ್ಲಿಯೂ ಕರಗುತ್ತವೆ. ಆ ಬಳಿಕ ಇದೇ ರಾಜ್ಯದ ಸರಾಸರಿಯನ್ನು ಅಳತೆಗೋಲಾಗಿ ಹಿಡಿದು, ತಾಲ್ಲೂಕು ಮುಂದುವರಿದುದೋ ಹಿಂದುಳಿದುದೋ ಎಂಬ ನಿರ್ಣಯವನ್ನು ಕೊಡಲಾಗುತ್ತದೆ. ನಿರ್ಣಯದ ಬೆನ್ನಿಗೆ ಹಣ ಬರುತ್ತದೆ ಅಥವಾ ಬಾರದೆ ಹೋಗುತ್ತದೆ. ಆದುದರಿಂದ ಸರಾಸರಿಯೆಂಬುದು ಹೇಗೆ ಚಲಿಸುತ್ತದೆ, ಅದಕ್ಕೆ ಹೊಸ ಅಂಕಿಗಳು ಸೇರಿದಾಗ ಏನಾಗುತ್ತದೆ ಎಂಬ ಪ್ರಶ್ನೆ ಕೇವಲ ತರಗತಿಯ ಪ್ರಶ್ನೆಯಲ್ಲ.

ಪ್ರಾದೇಶಿಕ ಅಸಮತೋಲನ ನಿವಾರಣೆಗಾಗಿ ಅರ್ಥಶಾಸ್ತ್ರಜ್ಞ ಡಾ. ಡಿ. ಎಂ. ನಂಜುಂಡಪ್ಪನವರ ಅಧ್ಯಕ್ಷತೆಯಲ್ಲಿ ನೇಮಕವಾದ ಉನ್ನತಾಧಿಕಾರ ಸಮಿತಿಯು 2002ರಲ್ಲಿ ತನ್ನ ವರದಿಯನ್ನು ಸಲ್ಲಿಸಿತು. ಕನ್ನಡ ನಾಡಿನ ಆರ್ಥಿಕ ಸಾಹಿತ್ಯದಲ್ಲಿ ಈ ವರದಿಗಿರುವ ಸ್ಥಾನ ದೊಡ್ಡದು. ಪ್ರಕೃತ ಲೇಖನದಲ್ಲಿ ನಾವು ಆ ವರದಿಯ ಶಿಫಾರಸುಗಳನ್ನು ಚರ್ಚಿಸುವುದಿಲ್ಲ. ಅದರ ಅಳತೆಗೋಲನ್ನು ಮಾತ್ರ ಪರಿಶೀಲಿಸುತ್ತೇವೆ. ಆ ಅಳತೆಗೋಲಿನ ಗುಣದೋಷಗಳೆರಡೂ ಸರಾಸರಿ ಮತ್ತು ಮಧ್ಯಾಂಕಗಳ ಸ್ವಭಾವದಿಂದಲೇ ಹುಟ್ಟಿದವು ಎಂಬುದು ನಮ್ಮ ವಾದ.

2

ಮೊದಲು ಸ್ವಭಾವವನ್ನು ನೋಡೋಣ. ಅಂಕಿಗಳ ಮೊತ್ತವನ್ನು ಅವುಗಳ ಸಂಖ್ಯೆಯಿಂದ ಭಾಗಿಸಿದರೆ ಬರುವುದು ಸರಾಸರಿ. ಅಂಕಿಗಳನ್ನು ಏರಿಕೆಯ ಕ್ರಮದಲ್ಲಿ ಇರಿಸಿದಾಗ ನಟ್ಟನಡುವೆ ನಿಲ್ಲುವುದು ಮಧ್ಯಾಂಕ. ಅಂಕಿಗಳ ಸಂಖ್ಯೆ ಸಮವಾಗಿದ್ದರೆ ನಡುವಣ ಎರಡರ ಅರ್ಧಮೊತ್ತ. ಮೊದಲನೆಯದಕ್ಕೆ ಪ್ರತಿಯೊಂದು ಅಂಕಿಯ ಪ್ರಮಾಣವೂ ಬೇಕು. ಎರಡನೆಯದಕ್ಕೆ ಬೇಕಾದುದು ಸರದಿ ಮಾತ್ರ.

ನದೀತೀರದ ಒಂದು ಊರಿನಲ್ಲಿ ಒಂಬತ್ತು ಹಿಡುವಳಿಗಳಿವೆಯೆಂದು ಊಹಿಸೋಣ: 1, 1, 2, 2, 3, 4, 5, 6, 12 ಎಕರೆ. ಮೊತ್ತ 36, ಸರಾಸರಿ 4, ಮಧ್ಯಾಂಕ 3. ಕಾಲುವೆ ಬಂದ ಮೇಲೆ ಹೊರಗಿನಿಂದ ಒಬ್ಬ ರೈತರು ಬಂದು, ಈ ಒಂಬತ್ತು ಹಿಡುವಳಿಗಳನ್ನು ಮುಟ್ಟದೆ, ಪಕ್ಕದಲ್ಲಿ 44 ಎಕರೆ ಜಮೀನು ಮಾಡಿದರೆಂದು ಭಾವಿಸಿದರೆ, ಮೊತ್ತ 80, ಸರಾಸರಿ 8 ಆಗುತ್ತದೆ. ಮಧ್ಯಾಂಕ ಮೂರೂವರೆಗೆ ಬಂದು ನಿಲ್ಲುತ್ತದೆ. ಸರಾಸರಿ ಇಮ್ಮಡಿಯಾಯಿತು, ಆದರೆ ಹಳೆಯ ಒಂಬತ್ತು ಮನೆಗಳಲ್ಲಿ ಒಂದಕ್ಕೂ ಒಂದು ಗುಂಟೆ ಹೆಚ್ಚಲಿಲ್ಲ. ಹತ್ತು ಹಿಡುವಳಿಗಳಲ್ಲಿ ಎಂಟು ಈಗ ಸರಾಸರಿಗಿಂತ ಕೆಳಗಿವೆ. ಮೊದಲು 4 ಎಕರೆಯ ಒಕ್ಕಲು ಸರಾಸರಿಯ ಮೇಲೆಯೇ ನಿಂತಿತ್ತು. ಈಗ ಅದು ಸರಾಸರಿಯ ಅರ್ಧಕ್ಕೆ ಇಳಿದಿದೆ. ಆ ಒಕ್ಕಲಿಗೆ ಏನೂ ಆಗಲಿಲ್ಲ, ಅದನ್ನು ಅಳೆಯುವ ಕೋಲು ಉದ್ದವಾಯಿತು.

ಇಲ್ಲಿರುವ ನಿಯಮ ಸರಳವಾದುದು. ಹೊಸ ಅಂಕಿಗೂ ಹಳೆಯ ಸರಾಸರಿಗೂ ಇರುವ ಅಂತರವನ್ನು ಹೊಸ ಸಂಖ್ಯೆಯಿಂದ ಭಾಗಿಸಿದರೆ ಎಷ್ಟು ಬರುವುದೋ ಅಷ್ಟು ಸರಾಸರಿ ಚಲಿಸುತ್ತದೆ. ನಮ್ಮ ಉದಾಹರಣೆಯಲ್ಲಿ ಅಂತರ 40, ಹೊಸ ಸಂಖ್ಯೆ 10, ಆದ್ದರಿಂದ ಚಲನೆ 4. ಅಂತರಕ್ಕೆ ಎಲ್ಲೆಯಿಲ್ಲವಾದುದರಿಂದ ಚಲನೆಗೂ ಎಲ್ಲೆಯಿಲ್ಲ. ಮಧ್ಯಾಂಕವಾದರೋ ಒಂದು ಅಂಕಿ ಸೇರಿದಾಗ ತನ್ನ ನೆರೆಯ ಅಂಕಿಯನ್ನು ದಾಟಿ ಹೋಗಲಾರದು. ಸೇರಿದುದು 44 ಆಗಲಿ 440 ಆಗಲಿ, ಅದಕ್ಕೆ ಎರಡೂ ಒಂದೇ.

ಇಷ್ಟರಿಂದ ಮಧ್ಯಾಂಕವೇ ಯಾವಾಗಲೂ ಸ್ಥಿರವಾದುದೆಂದು ವಿದ್ಯಾರ್ಥಿಗಳು ತೀರ್ಮಾನಿಸಬಾರದು. ಕಾಲುವೆಯ ನೀರು ಕಂಡ ತರಿ ಜಮೀನೂ ಮಳೆಯನ್ನೇ ನಂಬಿದ ಖುಷ್ಕಿ ಜಮೀನೂ ಅಕ್ಕಪಕ್ಕದಲ್ಲಿರುವ ಸೀಮೆಯಲ್ಲಿ ಅಂಕಿಗಳು ಎರಡು ಗುಂಪಾಗಿ ಒಡೆದಿರುವುದು ಸಹಜ. ಐದು ಹೊಲಗಳ ಆದಾಯ 1, 1, 1, 10, 10 ಎಂದಿಟ್ಟುಕೊಂಡರೆ ಮಧ್ಯಾಂಕ 1, ಸರಾಸರಿ 4.6. ಹತ್ತರ ಆದಾಯದ ಇನ್ನೊಂದು ಹೊಲ ಸೇರಿದರೆ ಎರಡೂ 5.5 ಆಗುತ್ತವೆ. ಮತ್ತೊಂದು ಸೇರಿದರೆ ಸರಾಸರಿ 6.14ಕ್ಕೆ ಬಂದರೆ ಮಧ್ಯಾಂಕ 10ಕ್ಕೆ ನೆಗೆಯುತ್ತದೆ. ಎರಡು ಹೊಸ ಅಂಕಿಗಳಿಂದ ಮಧ್ಯಾಂಕ ಹತ್ತು ಪಟ್ಟಾಯಿತು. ಮೂರು ಖುಷ್ಕಿ ಹೊಲಗಳು ಇದ್ದಲ್ಲಿಯೇ ಇವೆ. ನಡುವೆ ಕಂದರವಿರುವಲ್ಲಿ ಮಧ್ಯಾಂಕವು ಆ ಕಂದರವನ್ನು ಒಂದೇ ಹಾರಿಗೆ ದಾಟುತ್ತದೆ. ಆದ್ದರಿಂದ ಎರಡರಲ್ಲಿ ಯಾವುದು ಶ್ರೇಷ್ಠವೆಂಬ ವಾದ ನಿರರ್ಥಕ. ಯಾವ ಅಂಕಿಗಳು, ಯಾವ ಕಡೆಯಿಂದ, ಏಕೆ ಸೇರಿದವು ಎಂಬುದೇ ಕೇಳಬೇಕಾದ ಪ್ರಶ್ನೆ.

ಸೇರದೆ ಉಳಿದ ಅಂಕಿಗಳನ್ನೂ ಇಲ್ಲಿ ನೆನೆಯಬೇಕು. ಕೃಷಿ ಗಣತಿಯು ಎಣಿಸುವುದು ಸಾಗುವಳಿಯ ಹಿಡುವಳಿಗಳನ್ನು. ಭೂಮಿಯಿಲ್ಲದ ಕೂಲಿಕಾರನ ಮನೆ ಆ ಪಟ್ಟಿಯಲ್ಲಿ ಸೊನ್ನೆಯಾಗಿಯೂ ಬರುವುದಿಲ್ಲ. ಮೇಲಿನ ಒಂಬತ್ತು ಹಿಡುವಳಿಗಳಿಗೆ ನಾಲ್ಕು ಭೂರಹಿತ ಮನೆಗಳನ್ನು ಸೇರಿಸಿದರೆ ಸರಾಸರಿ 4ರಿಂದ 2.77ಕ್ಕೂ ಮಧ್ಯಾಂಕ 3ರಿಂದ 2ಕ್ಕೂ ಇಳಿಯುತ್ತವೆ. ಸೊನ್ನೆಗಳನ್ನು ಬಿಟ್ಟು ಕಟ್ಟಿದ ಸರಾಸರಿ ಸುಳ್ಳಲ್ಲ. ಅದು ಭೂಮಿಯುಳ್ಳವರ ಸರಾಸರಿ. ಅದನ್ನು ಊರಿನ ಸರಾಸರಿಯೆಂದು ಓದುವುದು ಸುಳ್ಳು.

3

ಈಗ ವರದಿಗೆ ಬರೋಣ. ಸಮಿತಿಯು ರಾಜ್ಯದ 175 ತಾಲ್ಲೂಕುಗಳನ್ನು 35 ಸೂಚಕಗಳ ಆಧಾರದ ಮೇಲೆ ಅಳೆದು, ಪ್ರತಿ ತಾಲ್ಲೂಕಿಗೂ ಒಂದು ಸಮಗ್ರ ಅಭಿವೃದ್ಧಿ ಸೂಚ್ಯಂಕವನ್ನು ಕಟ್ಟಿತು. ರಾಜ್ಯದ ಸರಾಸರಿಯನ್ನು 1 ಎಂದಿಟ್ಟುಕೊಂಡು, ಅದಕ್ಕಿಂತ ಕೆಳಗಿರುವ ತಾಲ್ಲೂಕುಗಳನ್ನು ಹಿಂದುಳಿದವು ಎಂದು ಕರೆಯಿತು. ಇವುಗಳಲ್ಲಿ 0.89ರಿಂದ 0.99ರವರೆಗಿನವು ಹಿಂದುಳಿದವು, 0.80ರಿಂದ 0.88ರವರೆಗಿನವು ಅತಿ ಹಿಂದುಳಿದವು, 0.53ರಿಂದ 0.79ರವರೆಗಿನವು ಅತ್ಯಂತ ಹಿಂದುಳಿದವು. ಈ ಮೂರು ವರ್ಗಗಳಲ್ಲಿ ಕ್ರಮವಾಗಿ 35, 40 ಮತ್ತು 39 ತಾಲ್ಲೂಕುಗಳು ಬಂದವು, ಒಟ್ಟು 114. ಅತ್ಯಂತ ಹಿಂದುಳಿದ 39ರಲ್ಲಿ 21 ಅಂದಿನ ಗುಲಬರ್ಗಾ ವಿಭಾಗಕ್ಕೆ ಸೇರಿದ್ದವು. ಬಳ್ಳಾರಿ ಜಿಲ್ಲೆಯ ಸಂಡೂರು, ಕೂಡ್ಲಿಗಿಗಳು ಈ ವರ್ಗದಲ್ಲಿದ್ದವು.

ಸಮಿತಿಯ ಮೊದಲ ಹಿರಿಮೆಯೆಂದರೆ ಅದು ಜಿಲ್ಲೆಯ ಮಟ್ಟದಲ್ಲಿ ನಿಲ್ಲದೆ ತಾಲ್ಲೂಕಿಗೆ ಇಳಿದುದು. ಜಿಲ್ಲೆಯ ಸರಾಸರಿಯೊಂದನ್ನೇ ನೋಡಿದ್ದರೆ ಬಳ್ಳಾರಿ ನಗರದ ಬೆನ್ನ ಹಿಂದೆ ಕೂಡ್ಲಿಗಿ ಮರೆಯಾಗುತ್ತಿತ್ತು. ಸಂಡೂರಿನ ಉದಾಹರಣೆ ಇನ್ನೂ ಬೋಧಪ್ರದವಾದುದು. ಕಬ್ಬಿಣದ ಅದಿರಿನ ಗುಡ್ಡಗಳೂ ತೋರಣಗಲ್ಲಿನ ಉಕ್ಕಿನ ಕಾರ್ಖಾನೆಯೂ ಈ ತಾಲ್ಲೂಕಿನಲ್ಲಿಯೇ ಇವೆ. ಅದಿರಿನ ಬೆಲೆ ಏರಿದಾಗ ಅದರ ಮೌಲ್ಯ ಜಿಲ್ಲೆಯ ಉತ್ಪನ್ನದ ಲೆಕ್ಕಕ್ಕೆ ಸೇರಿ ತಲಾ ಆದಾಯವನ್ನು ಎತ್ತುತ್ತದೆ. 2011ರಲ್ಲಿ ಸರ್ವೋಚ್ಚ ನ್ಯಾಯಾಲಯವು ಬಳ್ಳಾರಿಯಲ್ಲಿ ಗಣಿಗಾರಿಕೆಯನ್ನು ತಡೆದಾಗ ಆ ಭಾಗ ಲೆಕ್ಕದಿಂದ ಇಳಿಯುತ್ತದೆ. ಈ ಏರಿಳಿತವೆಲ್ಲ ಸರಾಸರಿಯದು. ಜಿಲ್ಲೆಯಲ್ಲಿ ಉತ್ಪನ್ನವಾದುದೆಲ್ಲ ಜಿಲ್ಲೆಯವರ ಮನೆ ಸೇರಿತೆಂದು ತಲಾ ಆದಾಯ ಹೇಳುವುದಿಲ್ಲ. ಮನೆಗಳನ್ನು ಸಾಲಾಗಿ ನಿಲ್ಲಿಸಿ ನಡುವಣ ಮನೆಯನ್ನು ತೋರಿಸುವ ಶಕ್ತಿ ಅದಕ್ಕಿಲ್ಲ. ಅದಿರಿನ ನಾಡು ಅತ್ಯಂತ ಹಿಂದುಳಿದ ವರ್ಗದಲ್ಲಿ ಬಂದುದನ್ನು ಕಂಡು ಆಶ್ಚರ್ಯಪಡುವವರು, ಒಂದು ದೊಡ್ಡ ಅಂಕಿ ಸೇರುವುದಕ್ಕೂ ಎಲ್ಲ ಅಂಕಿಗಳೂ ಬೆಳೆಯುವುದಕ್ಕೂ ಇರುವ ಭೇದವನ್ನು ಮರೆತವರು. ಶಾಲೆ, ಆಸ್ಪತ್ರೆ, ರಸ್ತೆ ಮುಂತಾದ ಅನೇಕ ಸೂಚಕಗಳನ್ನು ಹಿಡಿದುದರಿಂದ ಸಮಿತಿಯು ಈ ಬಲೆಗೆ ಬೀಳಲಿಲ್ಲ.

ಆದರೆ ವರದಿಯ ಅಂಕಿಗಳೊಳಗೇ ಇನ್ನೊಂದು ಸಂಗತಿ ಅಡಗಿದೆ. 175 ತಾಲ್ಲೂಕುಗಳ ಸಾಲಿನಲ್ಲಿ ನಡುವಣದು 88ನೆಯದು. ಕೆಳಗಿನಿಂದ ಎಣಿಸಿದರೆ ಮೊದಲ 39 ಅತ್ಯಂತ ಹಿಂದುಳಿದವು, 79ರವರೆಗೆ ಅತಿ ಹಿಂದುಳಿದವು, 80ರಿಂದ 114ರವರೆಗೆ ಹಿಂದುಳಿದವು. ಆದ್ದರಿಂದ 88ನೆಯ ತಾಲ್ಲೂಕು ಹಿಂದುಳಿದ ವರ್ಗದಲ್ಲಿಯೇ ಇದೆ. ತಾಲ್ಲೂಕುಗಳ ಮಧ್ಯಾಂಕವು 0.89ಕ್ಕೂ 0.99ಕ್ಕೂ ನಡುವೆ ಎಲ್ಲಿಯೋ ಇದೆ. ಎಂದರೆ ಕರ್ನಾಟಕದ ನಟ್ಟನಡುವಣ ತಾಲ್ಲೂಕೇ ಕರ್ನಾಟಕದ ಸರಾಸರಿಯಂತೆ ಹಿಂದುಳಿದುದು. ಸರಾಸರಿಯ ರೇಖೆಯ ಎರಡೂ ಬದಿಗಳಲ್ಲಿ ತಾಲ್ಲೂಕುಗಳ ಸಂಖ್ಯೆ ಸಮನಾಗಬೇಕಾದರೆ, ಇರುವ ತಾಲ್ಲೂಕುಗಳು ಹಾಗೆಯೇ ಇದ್ದು, ಮೇಲಿನ ಬದಿಗೆ ಇನ್ನೂ 53 ತಾಲ್ಲೂಕುಗಳು ಸೇರಬೇಕಾಗುತ್ತಿತ್ತು. ಸರಾಸರಿಯನ್ನು ಇಷ್ಟು ಮೇಲೆ ಹಿಡಿದಿರುವುದು ಯಾವುದು?

4

ಇದಕ್ಕೆ ಉತ್ತರ ತೂಕದಲ್ಲಿದೆ. ತಲಾವಾರು ಸೂಚಕವೊಂದರ ರಾಜ್ಯ ಸರಾಸರಿಯನ್ನು 175 ತಾಲ್ಲೂಕುಗಳ ಅಂಕಿಗಳನ್ನು ಕೂಡಿ 175ರಿಂದ ಭಾಗಿಸಿ ಪಡೆಯುವುದಿಲ್ಲ. ರಾಜ್ಯದ ಮೊತ್ತವನ್ನು ರಾಜ್ಯದ ಜನಸಂಖ್ಯೆಯಿಂದ ಭಾಗಿಸಿ ಪಡೆಯುತ್ತಾರೆ. ಇದು ಜನಸಂಖ್ಯೆಯ ತೂಕವುಳ್ಳ ಸರಾಸರಿ. ಇಲ್ಲಿ ಪ್ರತಿ ವ್ಯಕ್ತಿಯೂ ಒಂದು ಅಂಕಿ. ಊರಿಗೆ ಬಂದ ಪ್ರತಿಯೊಬ್ಬ ಹೊಸಬನೂ ಒಂದು ಹೊಸ ಅಂಕಿ.

2001ರ ಜನಗಣತಿಯಲ್ಲಿ ಕರ್ನಾಟಕದ ಜನಸಂಖ್ಯೆ 5,28,50,562. ಬೆಂಗಳೂರು ನಗರ ಜಿಲ್ಲೆಯದು 65,37,124. 2011ರಲ್ಲಿ ಇವು ಕ್ರಮವಾಗಿ 6,10,95,297 ಮತ್ತು 96,21,551. ಆ ಹತ್ತು ವರ್ಷಗಳಲ್ಲಿ ರಾಜ್ಯಕ್ಕೆ ಸೇರಿದ ಸುಮಾರು 82 ಲಕ್ಷ ಜನರಲ್ಲಿ ಸುಮಾರು 31 ಲಕ್ಷ, ಎಂದರೆ ಶೇಕಡ 37ಕ್ಕಿಂತ ಹೆಚ್ಚು ಪಾಲು, ಬೆಂಗಳೂರು ನಗರ ಜಿಲ್ಲೆಯೊಂದರಲ್ಲಿಯೇ ಸೇರಿತು. ರಾಜ್ಯದಲ್ಲಿ ಆ ಜಿಲ್ಲೆಯ ತೂಕ ಶೇಕಡ 12.4ರಿಂದ 15.7ಕ್ಕೆ ಏರಿತು.

ಇದರ ಪರಿಣಾಮವನ್ನು ಒಂದು ಊಹೆಯ ಲೆಕ್ಕದಿಂದ ತೋರಿಸಬಹುದು. ಯಾವುದೋ ಒಂದು ಸೂಚಕದಲ್ಲಿ ಬೆಂಗಳೂರಿನ ತಲಾ ಪ್ರಮಾಣ 2, ಉಳಿದೆಡೆಯಲ್ಲೆಲ್ಲ 1 ಎಂದಿರಲಿ. ಹತ್ತು ವರ್ಷಗಳಲ್ಲಿ ಈ ಪ್ರಮಾಣಗಳು ಒಂದಿಷ್ಟೂ ಬದಲಾಗದಿರಲಿ. 2001ರ ತೂಕದಂತೆ ರಾಜ್ಯದ ಸರಾಸರಿ 1.124; ಅದಕ್ಕೆ ಹೋಲಿಸಿದರೆ ಉಳಿದ ತಾಲ್ಲೂಕುಗಳ ಸೂಚ್ಯಂಕ 0.89. 2011ರ ತೂಕದಂತೆ ಸರಾಸರಿ 1.157, ಸೂಚ್ಯಂಕ 0.86. ಸಮಿತಿಯ ವರ್ಗೀಕರಣದಂತೆ ಮೊದಲನೆಯದು ಹಿಂದುಳಿದ ವರ್ಗ, ಎರಡನೆಯದು ಅತಿ ಹಿಂದುಳಿದ ವರ್ಗ. ಒಂದು ಶಾಲೆಯೂ ಮುಚ್ಚಲಿಲ್ಲ, ಒಂದು ಬಾವಿಯೂ ಬತ್ತಲಿಲ್ಲ. ಆದರೂ ತಾಲ್ಲೂಕು ಒಂದು ಮೆಟ್ಟಿಲು ಕೆಳಗಿಳಿಯಿತು. ಆ ತಾಲ್ಲೂಕಿನಿಂದಲೇ ಕೆಲಸ ಹುಡುಕಿಕೊಂಡು ಹೋದವರು ಬೆಂಗಳೂರಿನ ತೂಕವನ್ನು ಹೆಚ್ಚಿಸಿರುವ ಸಂಭವವೂ ಉಂಟು. ಗುಳೆ ಹೋದ ಮನುಷ್ಯನು ತಾನು ಬಿಟ್ಟು ಬಂದ ಊರಿನ ಅಳತೆಗೋಲನ್ನು ಹೀಗೆ ಬೆಳೆಸುತ್ತಾನೆ.

ಹಿಂದುಳಿದಿರುವಿಕೆಯು ಸಾಪೇಕ್ಷವಾದುದೇ ಅಲ್ಲವೆ, ಮುಂದಿನವನು ಓಡಿದರೆ ನಿಂತವನು ಹಿಂದುಳಿದಂತೆಯೇ ಅಲ್ಲವೆ ಎಂದು ಇಲ್ಲಿ ಆಕ್ಷೇಪಿಸಬಹುದು. ಆಕ್ಷೇಪದಲ್ಲಿ ಸತ್ಯಾಂಶವಿದೆ. ಆದರೆ ನಮ್ಮ ಉದಾಹರಣೆಯಲ್ಲಿ ಯಾರೂ ಮುಂದೆ ಓಡಲಿಲ್ಲ. ಮುಂದಿದ್ದವರ ಸಂಖ್ಯೆ ಮಾತ್ರ ಹೆಚ್ಚಿತು. ಓಟವನ್ನೂ ಸಂಖ್ಯೆಯನ್ನೂ ಬೇರ್ಪಡಿಸದೆ ಒಂದೇ ಅಂಕಿಯಲ್ಲಿ ಬೆರೆಸಿ ಹೇಳುವುದು ಸರಾಸರಿಯ ಸ್ವಭಾವ. ಬೇರ್ಪಡಿಸಿ ಹೇಳುವುದು ವರದಿಕಾರರ ಹೊಣೆ.

5

ಹೊಸ ಅಂಕಿಗಳು ಸೇರುವುದು ಜನರ ಮೂಲಕ ಮಾತ್ರವಲ್ಲ, ಗಡಿಗಳ ಮೂಲಕವೂ ಸೇರುತ್ತವೆ. ಈ ವಿಷಯದಲ್ಲಿ ಬಳ್ಳಾರಿ ಜಿಲ್ಲೆಯಷ್ಟು ಪಾಠ ಹೇಳಬಲ್ಲ ಜಿಲ್ಲೆಗಳು ವಿರಳ. 1953ರ ಅಕ್ಟೋಬರ್ 1ರಂದು ಆದೋನಿ, ಆಲೂರು, ರಾಯದುರ್ಗ ತಾಲ್ಲೂಕುಗಳು ಆಂಧ್ರಕ್ಕೆ ಸೇರಿ ಉಳಿದವು ಮೈಸೂರು ರಾಜ್ಯಕ್ಕೆ ಬಂದವು. 1997ರಲ್ಲಿ ಹರಪನಹಳ್ಳಿ ದಾವಣಗೆರೆ ಜಿಲ್ಲೆಗೆ ಹೋಯಿತು. ಮುಂದೆ ಬಳ್ಳಾರಿಗೆ ಮರಳಿತು. 2021ರಲ್ಲಿ ವಿಜಯನಗರ ಜಿಲ್ಲೆ ರಚಿತವಾದಾಗ ಹೊಸಪೇಟೆ, ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹೂವಿನ ಹಡಗಲಿಗಳೊಡನೆ ಅಲ್ಲಿಗೆ ಸೇರಿತು. ಬಳ್ಳಾರಿಗೆ ಉಳಿದುವು ಬಳ್ಳಾರಿ, ಕುರುಗೋಡು, ಸಿರುಗುಪ್ಪ, ಕಂಪ್ಲಿ, ಸಂಡೂರುಗಳು. ಸಂಖ್ಯಾಶಾಸ್ತ್ರದಲ್ಲಿ ಜಗತ್ಪ್ರಸಿದ್ಧರಾದ ಸಿ. ಆರ್. ರಾವ್ ಅವರು 1920ರಲ್ಲಿ ಹುಟ್ಟಿದ ಹೂವಿನ ಹಡಗಲಿ ಅಂದು ಬಳ್ಳಾರಿ ಜಿಲ್ಲೆಯದು, ಇಂದು ವಿಜಯನಗರದ್ದು. 2011ರಲ್ಲಿ 24,52,595 ಜನರಿದ್ದ ಬಳ್ಳಾರಿ ಜಿಲ್ಲೆಯೂ ಇಂದಿನ ಬಳ್ಳಾರಿ ಜಿಲ್ಲೆಯೂ ಹೆಸರಿನಲ್ಲಿ ಒಂದೇ, ಅಂಕಿಗಳ ಗುಂಪಾಗಿ ಬೇರೆ ಬೇರೆ. ಎರಡರ ಸರಾಸರಿಗಳನ್ನು ಪಕ್ಕಪಕ್ಕದಲ್ಲಿಟ್ಟು ಏರಿತು ಇಳಿಯಿತು ಎನ್ನುವುದು ಅರ್ಥವಿಲ್ಲದ ಮಾತು.

ತಾಲ್ಲೂಕೊಂದು ಒಂದು ಜಿಲ್ಲೆಯಿಂದ ಮತ್ತೊಂದಕ್ಕೆ ಹೋದಾಗ ಒಂದು ವಿಚಿತ್ರ ನಡೆಯಬಹುದು. ಹೋದ ತಾಲ್ಲೂಕು ಬಿಟ್ಟ ಜಿಲ್ಲೆಯ ಸರಾಸರಿಗಿಂತ ಕೆಳಗೂ ಸೇರಿದ ಜಿಲ್ಲೆಯ ಸರಾಸರಿಗಿಂತ ಮೇಲೂ ಇದ್ದರೆ ಎರಡು ಜಿಲ್ಲೆಗಳ ಸರಾಸರಿಯೂ ಏರುತ್ತದೆ. ಒಂದು ಜಿಲ್ಲೆಯಲ್ಲಿ 4, 8, 12 ಇದ್ದು (ಸರಾಸರಿ 8), ಇನ್ನೊಂದರಲ್ಲಿ 1, 3 ಇದ್ದರೆ (ಸರಾಸರಿ 2), 4 ಅಲ್ಲಿಂದ ಇಲ್ಲಿಗೆ ಬಂದಾಗ ಸರಾಸರಿಗಳು 10 ಮತ್ತು 2.67 ಆಗುತ್ತವೆ. ಐದು ತಾಲ್ಲೂಕುಗಳಲ್ಲಿ ಒಂದೂ ಬೆಳೆಯಲಿಲ್ಲ, ಎರಡು ಜಿಲ್ಲೆಗಳೂ ಬೆಳೆದವು. ಮಧ್ಯಾಂಕಗಳೂ 8ರಿಂದ 10ಕ್ಕೂ 2ರಿಂದ 3ಕ್ಕೂ ಏರುತ್ತವೆ. ಈ ಮೋಸದಿಂದ ಮಧ್ಯಾಂಕವೂ ನಮ್ಮನ್ನು ರಕ್ಷಿಸಲಾರದು.

ತಾಲ್ಲೂಕನ್ನು ಒಡೆದಾಗ ನಡೆಯುವುದು ಬೇರೆ. 2017ರಿಂದೀಚೆಗೆ ರಾಜ್ಯದಲ್ಲಿ ಸುಮಾರು 50 ಹೊಸ ತಾಲ್ಲೂಕುಗಳು ರಚಿತವಾದವು. ಕುರುಗೋಡು ಬಳ್ಳಾರಿ ತಾಲ್ಲೂಕಿನಿಂದ, ಕಂಪ್ಲಿ ಹೊಸಪೇಟೆಯಿಂದ, ಕೊಟ್ಟೂರು ಕೂಡ್ಲಿಗಿಯಿಂದ ಬೇರೆಯಾದವು. ಜನಸಂಖ್ಯೆಯ ತೂಕವುಳ್ಳ ರಾಜ್ಯ ಸರಾಸರಿಯು ಇದರಿಂದ ಕದಲುವುದಿಲ್ಲ, ಏಕೆಂದರೆ ಮೊತ್ತವೂ ಜನಸಂಖ್ಯೆಯೂ ಹಿಂದಿನಷ್ಟೇ. ಆದರೆ ತಾಲ್ಲೂಕುಗಳ ಸಾಲಿನ ಉದ್ದ ಬದಲಾಯಿತು; ಆದ್ದರಿಂದ ತಾಲ್ಲೂಕುಗಳ ಮಧ್ಯಾಂಕವೂ ಹಿಂದುಳಿದ ತಾಲ್ಲೂಕುಗಳ ಎಣಿಕೆಯೂ ಬದಲಾಗಬಹುದು. ರೇಖೆಗಿಂತ ಕೆಳಗಿದ್ದ ತಾಲ್ಲೂಕೊಂದು ಎರಡಾಗಿ, ಎರಡೂ ಕೆಳಗೇ ಉಳಿದರೆ 114 ಎಂಬುದು 115 ಆಗುತ್ತದೆ. ಹೊಸದಾಗಿ ಯಾರೂ ಬಡವರಾಗಿರುವುದಿಲ್ಲ. ಇನ್ನೊಂದು ಕಡೆ, 2011ರಲ್ಲಿ ನಾಲ್ಕು ಲಕ್ಷಕ್ಕೆ ಮೀರಿ ಜನರಿದ್ದ ಬಳ್ಳಾರಿ ನಗರದ ಜೊತೆಯಲ್ಲಿ ಕುರುಗೋಡಿನ ಹಳ್ಳಿಗಳನ್ನು ಸೇರಿಸಿ ಎಣಿಸುವವರೆಗೂ ನಗರದ ಆಸ್ಪತ್ರೆ, ಕಾಲೇಜುಗಳ ಅಂಕಿಗಳು ಆ ಹಳ್ಳಿಗಳ ಲೆಕ್ಕದಲ್ಲಿಯೂ ಬರುತ್ತಿದ್ದವು. ಬೇರೆಯಾದ ಮೇಲೆ ಆ ಹಳ್ಳಿಗಳು ತಮ್ಮ ನಿಜವಾದ ಅಂಕಿಯೊಡನೆ ನಿಲ್ಲುತ್ತವೆ. ಒಡೆಯುವಿಕೆಯಿಂದ ಎಣಿಕೆ ಕೆಡಬಹುದು, ಕಾಣ್ಕೆ ತಿಳಿಯಾಗಬಹುದು. ಎರಡನ್ನೂ ಒಟ್ಟಿಗೆ ಹೇಳದ ವರದಿ ಅರ್ಧ ವರದಿ.

6

ಹಾಗಾದರೆ ಸರಾಸರಿಯನ್ನು ಬಿಟ್ಟು ಮಧ್ಯಾಂಕವನ್ನೇ ಗಡಿಯಾಗಿ ಹಿಡಿಯಬೇಕೆ? ನಾವು ಹಾಗೆ ಹೇಳಲಾರೆವು. ಮಧ್ಯಾಂಕವನ್ನು ಗಡಿಯಾಗಿ ಹಿಡಿದರೆ, ಅಂಕಿಗಳೆಲ್ಲ ಭಿನ್ನವಾಗಿರುವಲ್ಲಿ, ತಾಲ್ಲೂಕುಗಳ ಅರ್ಧಭಾಗ ಎಂದೆಂದಿಗೂ ಹಿಂದುಳಿದುದೇ ಆಗಿರುತ್ತದೆ. ನಾಡೆಲ್ಲ ಸಮೃದ್ಧವಾದರೂ ಎಣಿಕೆ ಕದಲುವುದಿಲ್ಲ, ನಾಡೆಲ್ಲ ಬರಿದಾದರೂ ಕದಲುವುದಿಲ್ಲ. 114 ಎಂಬ ಅಂಕಿಗೆ ಏನಾದರೂ ಅರ್ಥವಿದ್ದರೆ ಅದು ಸರಾಸರಿಯ ರೇಖೆಯನ್ನು ಹಿಡಿದುದರಿಂದಲೇ ಬಂದಿತು: ಮೇಲಿನ ಕೆಲವರು ಕೆಳಗಿನ ಅನೇಕರಿಂದ ಎಷ್ಟು ದೂರ ಸರಿದಿದ್ದಾರೆ ಎಂಬುದನ್ನು ಅದು ಹೇಳುತ್ತದೆ. ಸರಾಸರಿಯನ್ನು ಹಿಡಿದುದು ಸಮಿತಿಯ ದೋಷವಲ್ಲ. ದೋಷವಿರುವುದು ಅದನ್ನು ಒಂಟಿಯಾಗಿ ಹಿಡಿದುದರಲ್ಲಿ. ಅದಕ್ಕಿಂತಲೂ ಹೆಚ್ಚಾಗಿ, 2002ರ ವರ್ಗೀಕರಣವನ್ನು ಅನಂತರದ ವರ್ಷಗಳಲ್ಲಿ ಕಾಲಾತೀತವಾದ ಜಾತಕದಂತೆ ಓದಿದುದರಲ್ಲಿ.

ನಮ್ಮ ಸಲಹೆಗಳು ಮೂರು. ಮೊದಲನೆಯದಾಗಿ, ಸರಾಸರಿಯ ಪಕ್ಕದಲ್ಲಿ ಮಧ್ಯಾಂಕವನ್ನೂ ಮುದ್ರಿಸಬೇಕು. ಎರಡರ ನಡುವಣ ಅಂತರವೇ ಅಸಮತೋಲನದ ಒಂದು ಸೂಚಕ. ಎರಡನೆಯದಾಗಿ, ಎರಡು ಕಾಲಗಳನ್ನು ಹೋಲಿಸುವಾಗ ಅಳತೆಗೋಲನ್ನು ಆಧಾರ ವರ್ಷದ ಮಟ್ಟದಲ್ಲಿ ನಿಲ್ಲಿಸಿ ಒಮ್ಮೆ, ಹೊಸ ಸರಾಸರಿಯೊಡನೆ ಇನ್ನೊಮ್ಮೆ ಅಳೆಯಬೇಕು. ಮೊದಲನೆಯದು ತಾಲ್ಲೂಕು ತನ್ನ ಹಿಂದಿನ ಸ್ಥಿತಿಗಿಂತ ಎಷ್ಟು ನಡೆಯಿತೆಂಬುದನ್ನೂ ಎರಡನೆಯದು ಉಳಿದವರಿಗಿಂತ ಎಷ್ಟು ಉಳಿಯಿತೆಂಬುದನ್ನೂ ಹೇಳುತ್ತದೆ. ಮೂರನೆಯದಾಗಿ, ಗಡಿ ಬದಲಾದಲ್ಲಿ ಹಳೆಯ ಅಂಕಿಗಳನ್ನು ಹೊಸ ಗಡಿಗೆ ಒಗ್ಗಿಸಿ ಮರುಲೆಕ್ಕ ಮಾಡದೆ ಹೋಲಿಕೆಗೆ ಇಳಿಯಬಾರದು. 2024ರಲ್ಲಿ ಪ್ರೊ. ಎಂ. ಗೋವಿಂದ ರಾವ್ ಅವರ ಅಧ್ಯಕ್ಷತೆಯಲ್ಲಿ ಪ್ರಾದೇಶಿಕ ಅಸಮತೋಲನವನ್ನು ಕುರಿತು ಹೊಸ ಸಮಿತಿ ರಚಿತವಾದುದರಿಂದ ಈ ಮಾತುಗಳು ಕೇವಲ ಹಳೆಯ ವರದಿಯ ಟೀಕೆಯಾಗಿ ಉಳಿಯುವುದಿಲ್ಲ. 175 ತಾಲ್ಲೂಕುಗಳ ಪಟ್ಟಿಗೂ ಇಂದಿನ ಪಟ್ಟಿಗೂ ನಡುವೆ ಸೇತುವೆ ಕಟ್ಟುವುದು ಯಾವ ಹೊಸ ಅಧ್ಯಯನಕ್ಕಾದರೂ ಮೊದಲ ಕೆಲಸ.

ಜಿಲ್ಲೆಯಿಂದ ತಾಲ್ಲೂಕಿಗೆ ಇಳಿದು ನಂಜುಂಡಪ್ಪ ಸಮಿತಿಯು ಕೂಡ್ಲಿಗಿಯನ್ನೂ ಸಂಡೂರನ್ನೂ ನಮ್ಮ ಕಣ್ಣಿಗೆ ತಂದಿತು. ಅದೇ ತರ್ಕವನ್ನು ಇನ್ನೊಂದು ಮೆಟ್ಟಿಲು ಇಳಿಸಿದರೆ ಸಿರುಗುಪ್ಪದ ಸರಾಸರಿಯ ಹಿಂದಿನಿಂದ ಕೆಂಚನಗುಡ್ಡದಂತಹ ಗ್ರಾಮಗಳು ಕಾಣಬೇಕು. ಗ್ರಾಮದ ಸರಾಸರಿಯ ಹಿಂದಿನಿಂದ ಭೂಮಿಯಿಲ್ಲದ ಮನೆ ಕಾಣಬೇಕು. ಕಾಲೇಜುಗಳಲ್ಲಿ ಸಂಖ್ಯಾಶಾಸ್ತ್ರವನ್ನು ಬೋಧಿಸುವವರು ತಮ್ಮ ವಿದ್ಯಾರ್ಥಿಗಳಿಗೆ ಸರಾಸರಿಯನ್ನು ಕಂಡುಹಿಡಿಯುವ ವಿಧಾನವನ್ನು ಕಲಿಸಿದ ದಿನವೇ, ಕೂಡುವ ಮೊದಲು ಪಟ್ಟಿಯನ್ನು ಓದುವ ಅಭ್ಯಾಸವನ್ನೂ ಕಲಿಸಲಿ: ಇದರಲ್ಲಿ ಹೊಸದಾಗಿ ಸೇರಿದವರು ಯಾರು, ಬಿಟ್ಟುಹೋದವರು ಯಾರು, ಎಂದೂ ಸೇರದವರು ಯಾರು.